ಗೂಟ ಕಿತ್ತ ತೋಟ

ಭಾದ್ರ ೫, ಸೋಮವಾರ

ಇಂದು ಉಪವಾಸ. ಬೆಳಕು ಹರಿಯುವ ಮೊದಲೇ ಸಹರಿ ಊಟಕ್ಕೆ ತಂಗಳನ್ನ, ಹಸಿಮೆಣಸು. ಫಜರ್ ನಮಾಜ್ ಮುಗಿಸಿ ಬಾತುಕೋಳಿ ಬಿಟ್ಟೆ, ಅಂಗಳ ಗುಡಿಸಿದೆ. ಆಮೇಲೆ ಕೊಳೆತ ಪಾಚಿ ಹಿಂಡಿ ಉಂಡೆ ಕಟ್ಟಲು ಕೂತೆ. ಉಂಡೆಗೊಂದು ಸೋರೆಬೀಜ, ಸುತ್ತ ತೆಂಗಿನ ನಾರು. ಬಿಸ್ಮಿಲ್ಲಾ ಹೇಳದೆ ಒಂದನ್ನೂ ಕಟ್ಟಿಲ್ಲ.

ಸೊಸೆ ಶೆಫಾಲಿಗೆ ನಗು. "ಅಮ್ಮ, ಮದುವೆ ಲಾಡು ಕಟ್ಟಿದಂಗೆ ಕಟ್ತೀರಲ್ಲ. ಮರೆತು ಬಾಯಿಗೆ ಹಾಕ್ಕೊಂಡೀರಾ, ಉಪವಾಸ ಹೋದೀತು!"

ಹೋದ ವಾರದ ಉಂಡೆಗಳಲ್ಲಿ ಎರಡೆಲೆ ಬಂದಿವೆ. ಮನೆಯವರು ಅವನ್ನೆಲ್ಲ ಅಂತರಗಂಗೆ ಪೇರಿಸಿ ಮಾಡಿದ ತೇಲುತೋಟದ ತೆಪ್ಪದ ಮೇಲೆ ಸಾಲಾಗಿ ಇಟ್ಟರು. "ಹಗ್ಗ ಸಡಿಲ ಬಿಡೇ, ಅಮಾವಾಸ್ಯೆ ಉಬ್ಬರ ಬರುತ್ತೆ" ಅಂದರು. ಕೇಳಲಿಲ್ಲ. ಗಿಡ್ಡ ಹಗ್ಗದಲ್ಲಿ ಗೂಟಕ್ಕೆ ಬಿಗಿಸಿದೆ. ನನ್ನ ತೆಪ್ಪ ಪಕ್ಕದವರ ಕಡೆ ಒಂದು ಮೊಳವೂ ಸರಿಯಬಾರದು.

ಭಾದ್ರ ೮, ಗುರುವಾರ

ತೆಪ್ಪ ಇಲ್ಲ. ನೀರು ಏರಿದೆ, ಹಗ್ಗ ಸಾಲದೆ ಗೂಟವನ್ನೇ ಕಿತ್ತುಕೊಂಡು ಹೋಗಿದೆ. ಈ ಸಲದ ಸಸಿಯೆಲ್ಲ ಅದರ ಮೇಲೇ ಇತ್ತು.

ಮನೆಯವರು ಹೊಸ ಗೂಟ ಕೆತ್ತಲು ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಭಾದ್ರ ೯, ಶುಕ್ರವಾರ

ನಾಜಿರ್‌ಪುರದ ಸಸಿ ವ್ಯಾಪಾರಿ ಕುದ್ದುಸ್ ದೋಣಿಯಿಂದಲೇ ಕೂಗಿದ. "ಚಾಚಿ, ನಿಮ್ಮ ತೋಟ ತವರಿಗೆ ಹೋಗಿದೆ! ಆಂಬಿಯಾ ಚಾಚಿ ಮನೆ ಮೆಟ್ಟಿಲಿಗೆ ತಗುಲಿ ನಿಂತಿದೆ."

ನನ್ನ ಅಕ್ಕ. ಅಪ್ಪನ ಜಾಗ ಪಾಲಾದಾಗಿನಿಂದ, ಹನ್ನೊಂದು ವರ್ಷ, ಮಾತಿಲ್ಲ.

"ಏನಂದಳು?"

"'ಅವಳನ್ನ ಕೇಳು, ಇದನ್ನೂ ಅಳೆದು ಪಾಲು ಮಾಡ್ಬೇಕಾ ಅಂತ'— ಅಂದ್ರು."

ಶೆಫಾಲಿ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ.

ಭಾದ್ರ ೧೫, ಗುರುವಾರ

ಕುದ್ದುಸ್ ಮತ್ತೆ ಬಂದಿದ್ದ. ಅಕ್ಕ ತೆಪ್ಪವನ್ನು ಉದ್ದ ಹಗ್ಗದಲ್ಲಿ ಕಟ್ಟಿದ್ದಾಳಂತೆ. ಕೊಚ್ಚಿಹೋದ ಉಂಡೆಗಳ ಜಾಗದಲ್ಲಿ ತಾನೇ ಕಟ್ಟಿ ಇಟ್ಟಿದ್ದಾಳಂತೆ. ನನ್ನನ್ನು ಬೈಯುತ್ತಾ ಇಟ್ಟಳಂತೆ.

ಬೈಯಲಿ.

ತಸ್ಬಿ ಮಣಿ ಹಿಡಿದರೆ ಎಣಿಕೆ ತಪ್ಪುತ್ತಿದೆ.

ಭಾದ್ರ ೧೯, ಸೋಮವಾರ

ಇಂದೂ ಉಪವಾಸ. ಬರೆದೇಬಿಡುತ್ತೇನೆ.

ಪಾಲಾದ ವರ್ಷ, ಜುಮ್ಮಾ ನಮಾಜಿಗೆ ಗಂಡಸರೆಲ್ಲ ಮಸೀದಿಯಲ್ಲಿದ್ದಾಗ, ಗಡಿಯ ಗೂಟ ಕಿತ್ತು ಅಕ್ಕನ ಕಡೆಗೆ ಮೂರು ಮೊಳ ಸರಿಸಿ ನೆಟ್ಟವಳು ನಾನು. ನಾಲ್ಕು ಜನರ ಮುಂದೆ ಅವಳನ್ನೇ ಸುಳ್ಳಿ ಎಂದೆ. ಆಮೇಲೆ ಎಷ್ಟು ಸೋಮವಾರ ಉಪವಾಸ ಮಾಡಿದೆನೋ... ಅಲ್ಲಾಹನ ಮುಂದೆ ಅತ್ತೆ. ಅಕ್ಕನ ಮುಂದೆ ಬಾಯಿ ಬಿಡಲಿಲ್ಲ. ಯಾರದು ಕಿತ್ತುಕೊಂಡೆಯೋ ಅವರು ಮನ್ನಿಸದೆ ಅಲ್ಲಾಹನೂ ಮನ್ನಿಸುವುದಿಲ್ಲ ಎಂದು ಮೌಲವಿಗಳು ಹೇಳಿದ್ದನ್ನು ಚಿಕ್ಕಂದಿನಲ್ಲೇ ಕೇಳಿದ್ದೆ.

ಮಣ್ಣೇ ಇಲ್ಲದೆ ನೀರಿನ ಮೇಲೆ ಸೋರೆ ಬೆಳೆಯುವವರು ನಾವು. ಮೂರು ಮೊಳ ಮಣ್ಣಿಗಾಗಿ ಹನ್ನೊಂದು ವರ್ಷ...

ಮೊಬೈಲ್‌ನಲ್ಲಿ ಹೇಳುವ ಮಾತಲ್ಲ. ಅಕ್ಕನಿಗೆ ಅರ್ಧ ಹಾಳೆ ಬರೆದೆ. ಗೂಟ ಸರಿಸಿದ್ದು ನಾನೇ, ನಿನ್ನ ಕೈಯಾರೆ ಹಿಂದಕ್ಕೆ ನೆಡು ಎಂದು. ಬೆಳಿಗ್ಗೆಯೇ ಕುದ್ದುಸ್ ಒಯ್ದ.

ಅಂದೇ, ಇಳಿಹೊತ್ತಿನ ಅಸರ್ ನಮಾಜಿನ ಮೇಲೆ

ದೋಣಿ ಬಂತು. ನೀರು ಇಳಿದಿದೆ, ಮೆಟ್ಟಿಲ ತನಕ ಬರಲಾಗದು. ಕೆಸರಿನಾಚೆ ನಿಂತು ಕುದ್ದುಸ್ ಏನೋ ಎತ್ತಿ ತೋರಿಸುತ್ತಿದ್ದಾನೆ. ಕಾಗದವೋ, ಬೀಜದ ಉಂಡೆಯೋ, ಕಾಣುತ್ತಿಲ್ಲ. ಶೆಫಾಲಿಗೆ ಹೇಳಿದೆ— ಮಗಳೇ, ಓಡು, ಅಕ್ಕನ ಉತ್ತರ ಇಸ್ಕೊಂಡು ಬಾ...