ಮಗ್ಗದ ಕೆಳಗಿನ ಕನ್ನಡಿ

ಜಮಖಂಡಿ
೧೮ ಸೆಪ್ಟೆಂಬರ್ ೧೯೭೮

ಶೇವಂತಿಗೆ,

ಮೊದಲು ‘ಪ್ರೀತಿಯ ಶೇವಂತಿ’ ಎಂದು ಬರೆದು ಹೊಡೆದುಹಾಕಿದೆ. ಸುಳ್ಳು ಬರೆದಂತೆ ಅನ್ನಿಸಿತು. ಚಿತ್ರದ ಕ್ಲಾಸಿನಲ್ಲಿ ಎರಡು ವರ್ಷ ಒಂದೇ ಜಮಖಾನೆಯ ಮೇಲೆ ಮಗ್ಗುಲಲ್ಲಿ ಮಗ್ಗುಲು ಕೂತವರು ನಾವು. ಆ ಎರಡು ವರ್ಷವೂ ನನಗೆ ನಿನ್ನ ಮೇಲಿದ್ದದ್ದು ಹೊಟ್ಟೆಕಿಚ್ಚು. ಇಂದು ಅದನ್ನೇ ಬರೆಯಲು ಕೂತಿದ್ದೇನೆ. ಸಿಟ್ಟು ಬಂದು ನಡುವೆಯೇ ಹರಿದುಹಾಕಬೇಡ, ಕೊನೆಯಲ್ಲಿ ನಿನಗೆ ಬೇಕಾದ ಒಂದು ಮಾತಿದೆ.

ನೀನು ಮೊದಲ ರವಿವಾರ ಬನಹಟ್ಟಿ ಬಸ್ಸಿಳಿದು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಜಡೆಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಗಿರಮಲ್ಲಪ್ಪ ಮಾಸ್ತರರು ಎದುರಿಗೆ ತಾಮ್ರದ ಕೊಡ ಇಟ್ಟು ಬರೆಯಿರಿ ಎಂದರು. ನೀನು ಅಚ್ಚುಕಟ್ಟಾಗಿ ಅರ್ಧ ಕೊಡ ಬರೆದು ಪೆನ್ಸಿಲ್ ಕೆಳಗಿಟ್ಟೆ. “ಉಳಿದರ್ಧ ಎಲ್ಲಿ ಹೋತವಾ?” ಎಂದು ಅವರು ಕೇಳಿದರೆ, “ಅದನ್ನ ಮಗ್ಗಾನ ಮಾಡ್ತೈತ್ರಿ” ಅಂದೆ. ಇಡೀ ಕ್ಲಾಸು ಬಿದ್ದುಬಿದ್ದು ನಕ್ಕಿತು. ನಿಮ್ಮ ಮನೆಯಲ್ಲಿ ಸೀರೆಯ ಅಂಚಿನ ನಕ್ಷೆ ಅರ್ಧವೇ ಬರೆಯುತ್ತಾರೆ, ಉಳಿದದ್ದನ್ನು ಮಗ್ಗ ಮಗುಚಿ ನೇಯುತ್ತದೆ ಎಂಬುದು ನಮಗೇನು ಗೊತ್ತು? ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅಂದಿನಿಂದ ನೀನು ಕ್ಲಾಸಿನಲ್ಲಿ ಮಗ್ಗದ ಮಾತೇ ಎತ್ತಲಿಲ್ಲ.

ನನ್ನ ನಗು ಮೂರು ತಿಂಗಳೂ ಬಾಳಲಿಲ್ಲ. ನಿನಗಿಂತ ಮೊದಲು ಆ ಕ್ಲಾಸಿಗೆ ನಾನೇ ರಾಣಿ. ನಾನು ಬರೆದ ಕೊಡ ಗೋಡೆಯ ಮೇಲಿತ್ತು. ಕಚೇರಿ ನೌಕರಿಯ ಅಪ್ಪ ಬೆಳಗಾವಿಯಿಂದ ಬಣ್ಣದ ಪೆಟ್ಟಿಗೆ ತಂದುಕೊಟ್ಟಿದ್ದರು. ನಿನ್ನ ಹತ್ತಿರ ಇದ್ದದ್ದು ಬೆರಳುದ್ದದ ಒಂದು ಪೆನ್ಸಿಲ್ ತುಂಡು. ಆ ತುಂಡಿನಲ್ಲಿ ನೀನು ಒಂದು ಗೆರೆ ಎಳೆದರೆ ಮಾಸ್ತರರು ನನ್ನ ಹಾಳೆಯನ್ನು ದಾಟಿ ಬಂದು ನಿನ್ನ ಹಿಂದೆ ನಿಂತುಬಿಡುತ್ತಿದ್ದರು. “ಈ ಕೈಗೆ ಅವಸರ ಇಲ್ಲ ನೋಡ್ರಿ” ಎಂದು ಎಲ್ಲರಿಗೂ ತೋರಿಸುತ್ತಿದ್ದರು. ನನ್ನ ಮೈ ಉರಿಯುತ್ತಿತ್ತು. ನಿನ್ನ ರಬ್ಬರ್ ಎಷ್ಟು ಸವೆದಿದೆ ಎಂದು ಕದ್ದು ನೋಡುತ್ತಿದ್ದೆ. ಅದು ಸವೆಯುತ್ತಲೇ ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿ.

ಆಮೇಲೆ ನೀನು ಕನ್ನಡಿ ತರಲು ಶುರುಮಾಡಿದೆ. ಅಂಗೈ ಅಗಲದ್ದು, ಅಂಚಿಗೆ ಕೆಂಪು ನೂಲು ಸುತ್ತಿದ್ದು. ಚಿತ್ರ ಅರ್ಧಕ್ಕೆ ಬಂದಾಗ ಗೋಡೆಯ ಕಡೆ ತಿರುಗಿ, ಚೀಲದಿಂದ ಅದನ್ನು ತೆಗೆದು ಒಂದು ಗಳಿಗೆ ನೋಡಿ ಮತ್ತೆ ಒಳಗಿಡುತ್ತಿದ್ದೆ. ಜೂನ್ ತಿಂಗಳ ಆ ರವಿವಾರ ನಾನು ಎದ್ದು ನಿಂತು ಹೇಳಿಬಿಟ್ಟೆ: “ಸರ, ಶೇವಂತಿ ಕ್ಲಾಸಿನ್ಯಾಗ ಕನ್ನಡಿ ನೋಡ್ಕೋಂತ ಕುಂತಾಳ್ರಿ.” ಹುಡುಗರು ಸಿಳ್ಳೆ ಹಾಕಿದರು. “ಇದು ಚಿತ್ರದ ಕ್ಲಾಸು, ಸಿಂಗಾರ ಮಾಡ್ಕೊಳ್ಳೂ ಜಾಗಾ ಅಲ್ಲ” ಎಂದು ಮಾಸ್ತರರು ಕನ್ನಡಿ ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು, ಕಪಾಟಿನಲ್ಲಿಡು ಎಂದು. ನೀನು ಬಾಯಿ ಬಿಡಲಿಲ್ಲ. ಯಾಕೆ ಬಿಡುತ್ತಿದ್ದೆ? ಮಗ್ಗದ ಹೆಸರೆತ್ತಿದರೆ ನಾವು ಏನು ಮಾಡುತ್ತೇವೆಂದು ಮೊದಲ ದಿನವೇ ಕಂಡಿದ್ದೆಯಲ್ಲ.

ಮುಂದಿನ ವಾರ ನೀನು ಬರಲಿಲ್ಲ. ನಿಮ್ಮೂರಿನಿಂದ ಸಂತೆಗೆ ಬರುವ ಅನಸವ್ವ ಹೇಳಿದಳು, ಸುದ್ದಿ ನಿಮ್ಮಪ್ಪ ಲಗಮಪ್ಪ ಕಾಕಾನ ಕಿವಿಗೂ ಬಿದ್ದಿದೆ ಎಂದು. “ಗಂಡುಹುಡುಗೂರ ನಡುವ ಕನ್ನಡಿ ನೋಡ್ಕೋಂತ ಕುಂಡ್ರಾಕ ಜಮಖಂಡಿತನಕ ಯಾಕ ಹೋಗಬೇಕು?” ಎಂದು ಕಾಕಾ ಕ್ಲಾಸು ಬಿಡಿಸಿದರಂತೆ. ನನಗೆ ಪಾಪ ಅನ್ನಿಸಿತು ಎಂದು ಬರೆದರೆ ಅದೂ ಸುಳ್ಳಾದೀತು. ಅಂದು ನಾನು ಎರಡು ರೊಟ್ಟಿ ಹೆಚ್ಚು ಉಂಡೆ.

ಈಗ ಕ್ಲಾಸಿಗೆ ಮತ್ತೆ ನಾನೇ ಮೊದಲಿನವಳು. ಆದರೆ ಜೂನ್‌ನಿಂದ ಇಲ್ಲಿಯವರೆಗಿನ ಹಾಳೆಗಳನ್ನು ಹರವಿ ನೋಡಿದರೆ ಎಲ್ಲವೂ ಒಂದೇ ದಿನ ಬರೆದಂತಿವೆ. ನೀನಿದ್ದಾಗಿನ ಹಾಳೆಗಳು ಹಾಗಿಲ್ಲ. ಒಂದೊಂದು ವಾರಕ್ಕೂ ಕೈ ಪಳಗಿದೆ, ನೆರಳು ಮೆತ್ತಗಾಗಿದೆ. ನಿನ್ನನ್ನು ಹಿಂದೆ ಹಾಕಬೇಕೆಂದು ತಾಸು ಮೊದಲೇ ಬಂದು ಕೂರುತ್ತಿದ್ದೆನಲ್ಲ, ಬೆಳೆದದ್ದೆಲ್ಲ ಆಗಲೇ. ನಾನೇ ಕಲಿತೆ ಎಂದುಕೊಂಡಿದ್ದೆ. ಕಲಿಸಿದ್ದು ನಿನ್ನ ಮೇಲಿನ ಉರಿ.

ಹೋದ ವಾರ ಅಕ್ಕನ ಮದುವೆಯ ಸೀರೆಗೆಂದು ಅವ್ವನ ಜೊತೆ ಬನಹಟ್ಟಿಗೆ ಬಂದಿದ್ದೆ. ನೇಕಾರ ಬಸಗೊಂಡಪ್ಪ ಅಜ್ಜನ ಮನೆಯಲ್ಲಿ ಮಗ್ಗ ನಡೆದಿತ್ತು. ಅಜ್ಜ ನಾಲ್ಕು ಎಳೆ ನೇಯ್ದು, ಕೈ ಕೆಳಗೆ ಚಾಚಿ, ಸೀರೆಯ ಕೆಳಗೊಂದು ಕನ್ನಡಿ ಹಿಡಿದು ಬಗ್ಗಿ ನೋಡಿದ. ಅದರ ಅಂಚಿಗೂ ಕೆಂಪು ನೂಲು ಸುತ್ತಿತ್ತು. ಇದ್ಯಾಕೆ ಎಂದು ಕೇಳಿದೆ. “ಸೀರಿ ಬೋರಲ ನೇಯ್ತೀವಿ ತಂಗಿ, ಮಾರಿ ಕೆಳಗ ಇರತೈತಿ. ಹೂವು ಸೊಟ್ಟ ಆದ್ರ ಮ್ಯಾಲಿಂದ ಕಾಣೂದಿಲ್ಲ. ಕನ್ನಡೀನ ಹೇಳಬೇಕು” ಅಂದ. ನಿಮ್ಮ ಮನೆ ಅಲ್ಲಿಂದ ಎರಡೇ ಓಣಿ. ಬರಲು ಧೈರ್ಯ ಸಾಲದೆ ಅವ್ವನ ಸೆರಗು ಹಿಡಿದು ಬಸ್ಸು ಹತ್ತಿದೆ.

ಮರುದಿನ ಕ್ಲಾಸಿನ ಕೋಣೆಯ ಕೀಲಿ ಕೇಳಿ ತಂದು, ಕಪಾಟಿನಿಂದ ನಿನ್ನ ಕನ್ನಡಿ ತೆಗೆದು, ಗೋಡೆಯ ಮೇಲಿನ ನನ್ನ ಕೊಡಕ್ಕೆ ಹಿಡಿದು ನೋಡಿದೆ. ಎಡಬಲ ಅದಲು ಬದಲಾದದ್ದೇ ತಡ, ಎರಡು ವರ್ಷ ಕಾಣದ ಸೊಟ್ಟು ಕಣ್ಣಿಗೆ ರಾಚಿತು. ಕೊಡ ಒಂದು ಮಗ್ಗುಲಿಗೆ ವಾಲಿ ನಿಂತಿದೆ ಶೇವಂತಿ! ಇನ್ನೂ ಒಂದು ಮಾತು, ಇದನ್ನು ಬರೆಯಲೆಂದೇ ಈ ಪತ್ರ. ನಿನ್ನ ಕನ್ನಡಿ ಒಮ್ಮೆಯೂ ನಿನ್ನ ಮುಖದ ಮಟ್ಟಕ್ಕೆ ಬಂದದ್ದಿಲ್ಲ. ಯಾವಾಗಲೂ ಹಾಳೆಯ ಕಡೆ ವಾಲಿರುತ್ತಿತ್ತು. ನಾನು ಅದನ್ನು ಜೂನ್‌ನಲ್ಲೇ ನೋಡಿದ್ದೆ. ಯಾಕೆಂದು ತಿಳಿದಿರಲಿಲ್ಲ, ಆದರೆ ನೀನು ನಿನ್ನ ಮುಖ ನೋಡಿಕೊಳ್ಳುತ್ತಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಎದ್ದು ನಿಂತೆ.

ನಿನ್ನೆ ಎಲ್ಲರೆದುರು ಇದನ್ನೆಲ್ಲ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಮಾಸ್ತರರು ಕನ್ನಡಿ ಇಸಿದುಕೊಂಡು, ತಾವೇ ಬರೆದ ದೊಡ್ಡ ಚಿತ್ರದ ಎದುರು ಹಿಡಿದು ನೋಡಿದರು. ತಿರುಗಿದಾಗ ಮುಖ ಸಣ್ಣದಾಗಿತ್ತು. “ಆಕೀ ಕಡೆ ಕಲಿಯೂದಿತ್ತು, ನಾ ಬೈದು ಕಳಿಸಿದೆ” ಎಂದರು. ಈ ವರ್ಷದ ಚಿತ್ರಕಲೆಯ ಪರೀಕ್ಷೆಗೆ ನೀನು ಅರ್ಜಿ ಹಾಕಲು ಈ ತಿಂಗಳ ಕೊನೆಯವರೆಗೆ ಸಮಯವಿದೆ. ಬರುವ ರವಿವಾರ ಮುಂಜಾನೆಯ ಬಸ್ಸಿಗೆ ಅವರು, ನಾನು ಇಬ್ಬರೂ ನಿಮ್ಮ ಮನೆಗೆ ಬರುತ್ತೇವೆ. ಕಾಕಾನ ಮುಂದೆ ನಾನೇ ಬಾಯಿ ಬಿಟ್ಟು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ನೀನು ಒಳಗೆ ಹೋಗಿ ಕೂರಬೇಡ, ಅಷ್ಟು ಸಾಕು. ಕನ್ನಡಿ ಅಂಚೆಯಲ್ಲಿ ಒಡೆದೀತೆಂದು ಕಳಿಸುತ್ತಿಲ್ಲ, ಕೈಯಾರೆ ತರುತ್ತೇನೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡ. ನೀನು ಮತ್ತೆ ಬಂದು ಕೂತು ಮೊದಲ ಗೆರೆ ಎಳೆದಾಗ ಅದು ಹೊತ್ತಿಕೊಳ್ಳುತ್ತದೆಂದು ಗೊತ್ತಿದೆ. ಹೊತ್ತಿಕೊಳ್ಳಲಿ. ನನ್ನ ಗೋಡೆಯ ಕೊಡ ನಿನ್ನೆ ನಾನೇ ಇಳಿಸಿದೆ. ಮೊಳೆ ಖಾಲಿ ಇದೆ. ನೀನೇ ಗೆಲ್ಲಲಿ ಎಂದು ಹರಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ನಿನ್ನ ಕೈಗೆ ಯಾವತ್ತೂ ಅವಸರ ಬಾರದಿರಲಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ಜಮಖಾನೆಯ ಮೇಲೆ ನಿನ್ನ ಜಾಗ ಹಿಡಿದಿಟ್ಟುಕೊಂಡು ಕೂತಿರುವ,
ತಾರಾ