ಬೆಳ್ಳಿಗೆ ವೋಟು ಕೊಟ್ಟ ಕೊಲರಾಡೊ

ಡೆನ್ವರ್, ನವೆಂಬರ್ ೧೮೯೬

ಕುರುಗೋಡಿನ ಅಕ್ಕನಿಗೆ ವಂದನೆ.

ನನ್ನ ಕೆಮ್ಮಿಗೆ ಇಲ್ಲಿಯ ಗಾಳಿ ಒಳ್ಳೆಯದೆಂದು ಕರೆತಂದ ಮಿಷನ್ ಆಸ್ಪತ್ರೆಯ ಡಾಕ್ಟರಮ್ಮನವರೊಡನೆ ಸುಖವಾಗಿ ತಲುಪಿದೆ. ಇಲ್ಲಿ ಹೆಂಗಸರೂ ವೋಟು ಹಾಕುತ್ತಾರೆ. ನಾವು ಇಳಿದುಕೊಂಡಿರುವ ಮನೆಯೊಡತಿ ಅದನ್ನು ನೋಡಲು ನನ್ನನ್ನೂ ಕರೆದೊಯ್ದರು. ಬೆಳ್ಳಿಯ ಬೆಲೆ ಬಿದ್ದು ಆಕೆಯ ಗಂಡ ದುಡಿಯುತ್ತಿದ್ದ ಗಣಿ ಮುಚ್ಚಿದೆ. ಬೆಳ್ಳಿಯ ಪರ ನಿಂತ ಬ್ರಯಾನ್ ಈ ದೇಶದ ಅಧ್ಯಕ್ಷರಾದರೆ ಬೆಳ್ಳಿ ನಾಣ್ಯ ಹೆಚ್ಚಿ ಗಣಿ ಮತ್ತೆ ತೆರೆಯುವುದೆಂದು ಆಕೆಗೆ ಆಸೆಯಿತ್ತು. ವೋಟು ಹಾಕುವ ಕಡೆ ಬಾಗಿಲಲ್ಲಿದ್ದವರು ನನ್ನ ಬೆಳ್ಳಿ ಕಾಲ್ಗಡಗ ನೋಡಿ ನಕ್ಕರು. ಅವರು ಅಂದದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ: "ಈ ಅಮ್ಮಗ ಚೀಟಿ ಯಾಕ್ರೀ? ಆಕಿ ಕಾಲು ಆಗ್ಲೇ ಬೆಳ್ಳಿಗೆ ವೋಟು ಹಾಕ್ಯಾವ!"

"ಹಂಗಾದ್ರ ಎರಡು ವೋಟು ಬರಕೊಳ್ರಿ," ಎಂದರು ಮನೆಯೊಡತಿ.

ಈ ರಾಜ್ಯದಲ್ಲಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಜನ ಬ್ರಯಾನ್ ಕಡೆಗೇ ಹಾಕಿದರು. ಆದರೆ ದೇಶದಲ್ಲಿ ಗೆದ್ದದ್ದು ಚಿನ್ನದ ಪರ ನಿಂತ ಮೆಕಿನ್ಲೆ. ಗಣಿ ಇನ್ನು ತೆರೆಯುವುದಿಲ್ಲ.

ನನ್ನ ಕೆಮ್ಮು ಇಳಿದಿದೆ. ಬೆಳ್ಳಿಯ ಬೆಲೆ ಸದ್ಯಕ್ಕೆ ಏರುವುದಿಲ್ಲವಂತೆ. ನಿನ್ನ ಸುಂದ್ರಿಯ ಮದುವೆಯ ಕಾಲ್ಗಡಗವನ್ನು ಹೀಗೆ ಅಗ್ಗವಿರುವಾಗಲೇ ಬಳ್ಳಾರಿಯಲ್ಲಿ ಮಾಡಿಸಿಬಿಡು. ಹೀಗೆ ಬರೆಯುವುದು ಸರಿಯೋ ತಪ್ಪೋ ತಿಳಿಯದು. ಮನೆಯೊಡತಿ ಎದುರಿಗೇ ಕೂತು, ಊರಿಗೆ ಏನು ಬರೆದಿರಿ ಎಂದು ಕೇಳಿದರು. ಕೆಮ್ಮಿನ ಮಾತನ್ನಷ್ಟೇ ಹೇಳಿದೆ.

ನಿನ್ನ ತಂಗಿ
ಸಾರಮ್ಮ