ನಾಲ್ಕು ಗಂಟೆಗೆ ಹೊರಟವರು

ಅಕ್ಕಾ,

ಬಿಸಿಲಿಗೆ ತಲೆಸುತ್ತಿ ಬಿದ್ದೆನೆಂದು ಭಾವ ಫೋನಿನಲ್ಲಿ ನಿನಗೆ ಹೇಳಿದ್ದು ನಿಜವಲ್ಲ.

ನಮ್ಮ ಫ್ಯಾಕ್ಟರಿಗೆ ಹೊರಗಿನಿಂದ ಬರುವ ಪೇಂಟರುಗಳ ಕೈಬಣ್ಣ ಹಾಜರಿ ಪುಸ್ತಕಕ್ಕೆ ಮೆತ್ತಬಾರದೆಂದು, ಅವರು ಹೊರಡುವ ಸಮಯವನ್ನು ಗೇಟಿನಲ್ಲಿ ಕೂತ ನಾನೇ ಮೊದಲೇ ಬರೆದಿಡುತ್ತಿದ್ದೆ. ಮೊನ್ನೆ ಭಾವನ ಹೆಸರಿನ ಮುಂದೆಯೂ ನಾಲ್ಕು ಗಂಟೆ ಎಂದು ಬರೆದೆ. ನಾಲ್ಕೂಕಾಲಿಗೆ ಗ್ಯಾಸ್ ಸೋರಿ ಸೈರನ್ ಕೂಗಿತು. ಎಲ್ಲರೂ ನಿದ್ದೆಯಲ್ಲಿ ನಡೆದು ಬಂದವರಂತೆ ಅಂಗಳದಲ್ಲಿ ನಿಂತರು. ಬಿಸಿಲು ಹಾಲಿನಂತೆ ಹರಡಿತ್ತು. ಅಧಿಕಾರಿ ನನ್ನ ಪುಸ್ತಕ ನೋಡಿ, “ಒಳಗೆ ಯಾರೂ ಇಲ್ಲ” ಎಂದರು. ಆ ಮಾತು ಎಷ್ಟು ಹಿತವಾಗಿತ್ತೆಂದರೆ ಒಂದು ಕ್ಷಣ ನಾನೂ ನಂಬಿದೆ. ಆಮೇಲೆ ಗೋಡೆಗೆ ಒರಗಿದ್ದ ಭಾವನ ಸೈಕಲ್ ಕಾಣಿಸಿತು.

“ಪುಸ್ತಕ ಸುಳ್ಳು ಸಾರ್, ನಮ್ಮ ಭಾವ ಒಳಗಿದಾರೆ” ಎಂದೆ.

ಬಣ್ಣ ಬಳಿಯುತ್ತಿದ್ದ ಗೋದಾಮಿನಿಂದ ಅವರನ್ನು ಎತ್ತಿ ತಂದರು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ನಕ್ಕರು: “ನಾಲ್ಕಕ್ಕೇ ನನ್ನನ್ನ ಆಚೆ ಕಳಿಸಿಬಿಟ್ಟಿದ್ಯಲ್ಲೋ! ನಿಮ್ಮಕ್ಕನಿಗೆ ಹೇಳ್ಬೇಡ, ಚರ್ಮ ಸುಲೀತಾಳೆ.”

ಈಗ ಹೊರಡುವಾಗ ಎಲ್ಲರೂ ತಾವೇ ಬರೆಯುತ್ತಾರೆ. ಪುಟದ ತುಂಬ ಬಣ್ಣದ ಬೆರಳುಗಳು.

ಭಾನುವಾರ ಭಾವನನ್ನು ನಾನೇ ಕರೆತರುತ್ತೇನೆ. ಅವರಿಗೆ ಮೆಟ್ಟಿಲು ಹತ್ತಲಾಗದು, ಕೆಳಗಿನ ಕೋಣೆಯಲ್ಲಿ ಹಾಸಿಡು. ಬೈಯುವುದನ್ನೆಲ್ಲ ಹೊಸ್ತಿಲಲ್ಲೇ ಬೈದು ಮುಗಿಸು. ಆಮೇಲೆ ನನ್ನನ್ನೂ ಒಳಗೆ ಕರೆಯುವುದು ನಿನಗೆ ಬಿಟ್ಟದ್ದು.

ನಿನ್ನ ತಮ್ಮ